ಹಸಿರು ದಾರದ ಗುಂಡಿ

ಮಾನ್ಯ ಸಂಪಾದಕರೇ,

ನನಗೆ ಇಪ್ಪತ್ತಾರು ವರ್ಷ. ಎರಡು ವರ್ಷದಿಂದ ಮಹಾನಗರವೊಂದರಲ್ಲಿ ಫ್ಯಾಷನ್ ಪತ್ರಿಕೆಗೆ ಬರೆಯುತ್ತಿದ್ದೇನೆ. ಬೆವರು ಒರೆಸಿಕೊಳ್ಳುತ್ತ ಉಣ್ಣೆ ಕೋಟಿನ ಬಗ್ಗೆ, ಚಳಿಯಲ್ಲಿ ಮೂಗು ಸೋರುತ್ತಿರುವಾಗ ತೆಳು ಹತ್ತಿಯ ಬಗ್ಗೆ ಬರೆಯುವ ಕೆಲಸ. ಬರೆದ ಬಟ್ಟೆಯಲ್ಲಿ ಒಂದನ್ನೂ ಕೊಳ್ಳುವ ಶಕ್ತಿ ನನಗಿಲ್ಲ. ರಾತ್ರಿ ರೂಮಿಗೆ ಬಂದು, ಆಗಲೇ ಹತ್ತಾರು ಸಲ ನೋಡಿದ ಧಾರಾವಾಹಿಯನ್ನೇ ಗೆಳತಿಯರ ಜೊತೆ ಮತ್ತೆ ನೋಡುತ್ತೇನೆ. ಪ್ರಶಸ್ತಿ ಸಮಾರಂಭವಿದ್ದರೆ ಅಲಾರಂ ಇಟ್ಟು ಏಳುತ್ತೇನೆ. ಪಾಪ್ ಹಾಡು ಹಾಕಿ ಕನ್ನಡಿ ಮುಂದೆ ಕುಣಿಯುತ್ತೇನೆ. ಅಪ್ಪ ಫೋನ್ ಮಾಡಿದಾಗಲೆಲ್ಲ ‘ನಿಜವಾದ್ದೇನಾದ್ರೂ ಯಾವಾಗ ಬರೀತೀಯ?’ ಅಂತಾರೆ. ಸಾಹಿತ್ಯದ ಗೆಳೆಯರ ಮುಂದೆ ದಪ್ಪ ದಪ್ಪ ಕಾದಂಬರಿ ಓದುತ್ತಿದ್ದೇನೆಂದು ಸುಳ್ಳು ಹೇಳುತ್ತೇನೆ. ಮೊನ್ನೆ ಕೊನೆಯ ರೈಲಿನಲ್ಲಿ ಎದುರಿಗೆ ಕೂತಿದ್ದ ಹೆಂಗಸಿನ ಕೋಟಿನಲ್ಲಿ ನಾಲ್ಕು ಗುಂಡಿ ಕಪ್ಪು ದಾರದಲ್ಲಿ, ಐದನೆಯದು ಹಸಿರು ದಾರದಲ್ಲಿ ಹೊಲಿದಿತ್ತು. ಅದನ್ನೇ ನೋಡುತ್ತ ನಾನು ಇಳಿಯುವ ಸ್ಟೇಷನ್ ದಾಟಿಹೋಯಿತು. ಇಂಥ ಮರುಳು ನಾನು. ಇದನ್ನು ಬಿಟ್ಟು ಗಂಭೀರವಾದ ಬರವಣಿಗೆಗೆ ಹೊರಳಲೇ? ನನ್ನದೊಂದು ಲೇಖನವನ್ನೂ ಜೊತೆಗಿಟ್ಟಿದ್ದೇನೆ. ಹೆಸರು ಹಾಕಬೇಡಿ.

— ಒಬ್ಬ ಓದುಗಾರ್ತಿ

ಸಂಪಾದಕರ ಉತ್ತರ

ಹೆಸರು ಬೇಡವೆಂದಿರಿ, ಹಾಕಿಲ್ಲ. ನನ್ನ ಮಗಳಿಗಿಂತ ಚಿಕ್ಕವರು ನೀವು. ಆದರೂ ಓದುಗರನ್ನು ಏಕವಚನದಲ್ಲಿ ಮಾತಾಡಿಸುವ ಸಲಿಗೆ ನನಗೆ ಬರುವುದಿಲ್ಲ, ಬೈಯುವಾಗಲೂ. ಇವತ್ತು ಸ್ವಲ್ಪ ಬೈಯುವುದಿದೆ.

ಮೊದಲು ನಿಮ್ಮ ತಂದೆಯವರದ್ದು ಮುಗಿಸಿಬಿಡೋಣ. ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಬಟ್ಟೆಯ ಧಂದೆಯಲ್ಲಿ ಆಡಂಬರವಿದೆ, ದುಂದುವೆಚ್ಚವಿದೆ, ಆರು ತಿಂಗಳ ಹಿಂದೆ ಹೊಗಳಿದ್ದನ್ನೇ ಹೀಗಳೆದು ಹೊಸತನ್ನು ಮಾರುವ ಹುನ್ನಾರವಿದೆ. 2013ರ ಏಪ್ರಿಲ್ 24ರಂದು ಢಾಕಾ ಹತ್ತಿರದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಣ್ಣುಮಕ್ಕಳು. ಇದೆಲ್ಲ ಒಪ್ಪಿದೆ. ಆದರೆ ಅದನ್ನು ಕಣ್ಣಿಗೆ ಕಟ್ಟುವಂತೆ ಬರೆಯಬೇಕಾದವರು ಯಾರು? ಒಂದು ಅಂಗಿಗೆ ಎಷ್ಟು ಹೊಲಿಗೆ ಬೀಳುತ್ತದೆ, ಅದನ್ನು ಎಷ್ಟು ಹೊತ್ತಿನಲ್ಲಿ ಹೊಲಿಸುತ್ತಾರೆ ಎಂದು ಬಲ್ಲವರು ತಾನೇ? ಅಲ್ಲಿಗೆ ತಂದೆಯವರ ವಾದಕ್ಕೆ ಸಲ್ಲಬೇಕಾದ ಮರ್ಯಾದೆ ಸಲ್ಲಿತು.

ಈಗ ನನ್ನ ಹಳೆಯ ಕಥೆಯೊಂದನ್ನು ಕೇಳಿ. ಪತ್ರಿಕೋದ್ಯಮಕ್ಕೆ ಬಂದ ಮೊದಲ ವರ್ಷ ಒಬ್ಬ ಮಂತ್ರಿಯ ಹೆಸರಿನ ಕಾಗುಣಿತ ತಪ್ಪಿಸಿ, ಶಿಕ್ಷೆಯಾಗಿ ಉಡುಪಿನ ಪುಟಕ್ಕೆ ಬಿದ್ದೆ. ಸಹೋದ್ಯೋಗಿಗಳು ಸಂತಾಪ ಸೂಚಿಸಿದರು. ಆ ಪುಟವನ್ನು ನೋಡಿಕೊಳ್ಳುತ್ತಿದ್ದವರು ನಿವೃತ್ತಿಯ ಹತ್ತಿರವಿದ್ದ ಮೇಡಂ ಒಬ್ಬರು. ಫೋಟೋ ಒಂದಕ್ಕೆ ನಾನು ಬರೆದ ಮೊದಲ ಅಡಿಬರಹ: ‘ಸುಂದರ ನೀಲಿ ಉಡುಪಿನಲ್ಲಿ ಬೆಡಗಿ’. ಕೆಂಪು ಪೆನ್ಸಿಲಿನಲ್ಲಿ ‘ಯಾವ ನೀಲಿ?’ ಎಂದು ಬರೆದು ವಾಪಸ್ ಕಳಿಸಿದರು. ‘ಕಡುನೀಲಿ’ ಮಾಡಿದೆ. ಮತ್ತೆ ಬಂತು: ‘ಯಾವ ನೀಲಿ?’ ಮೂರನೇ ಸಲಕ್ಕೆ ಕಾವ್ಯದ ಮೊರೆಹೋಗಿ ‘ನವಿಲಿನ ಕೊರಳ ನೀಲಿ’ ಎಂದು ಬರೆದೆ. ಆಕೆ ಎದ್ದು ನನ್ನ ಮೇಜಿನ ಹತ್ತಿರವೇ ಬಂದರು. ‘ಅಲ್ಲಪ್ಪ. ಬಟ್ಟೆ ಮೇಲೆ ಶಾಯಿ ಚೆಲ್ಲಿದ್ದನ್ನ ಒಂದು ಸಲ ಒಗೆದ ಮೇಲೆ ಏನು ಉಳಿಯುತ್ತೆ, ಆ ನೀಲಿ. ನೀನು ನೋಡಿದ್ಯಾ?’

ನಾನು ನೋಡಿರಲಿಲ್ಲ. ನೋಡುವ ಹಾಗೂ ಇರಲಿಲ್ಲ, ಯಾಕೆಂದರೆ ಫೋಟೋ ಇದ್ದದ್ದು ಕಪ್ಪು ಬಿಳುಪಿನಲ್ಲಿ. ಅದರ ಬೆನ್ನಿಗೆ ಯಾರೋ ‘ನೀಲಿ’ ಎಂದು ಗೀಚಿದ್ದನ್ನು ನಂಬಿ ಮೂರು ಸಲ ಬರೆದಿದ್ದೆ. ಆಕೆ ಬೆಳಿಗ್ಗೆಯೇ ಹೋಗಿ ಉಡುಪನ್ನು ಕಣ್ಣಾರೆ ಕಂಡು ಬಂದಿದ್ದರು, ಓದುಗರಿಗೆ ಬಣ್ಣವೇ ಕಾಣದ ಒಂದು ಫೋಟೋದ ಕೆಳಗಿನ ಎಂಟು ಪದಕ್ಕಾಗಿ. ಶಿಕ್ಷೆಯ ಅವಧಿ ಮುಗಿದ ಮೇಲೂ ಮೂರು ವರ್ಷ ನಾನು ಅದೇ ಪುಟದಲ್ಲಿ ಉಳಿದೆ. ರಾಜಕೀಯ ವರದಿಗಾರಿಕೆ ಕಲಿಸದ ಒಂದು ವಿದ್ಯೆ ಅಲ್ಲಿ ಸಿಕ್ಕಿತು.

ನನ್ನಂಥವನ ಮಾತು ಬಿಡಿ. ಅಮೆರಿಕದ ಲೇಖಕಿ ಜೋನ್ ಡಿಡಿಯನ್ ಅವರ ಗದ್ಯವನ್ನು ನಿಮ್ಮ ಸಾಹಿತ್ಯದ ಗೆಳೆಯರು ತಲೆ ಮೇಲೆ ಹೊತ್ತು ಮೆರೆಸುತ್ತಾರಲ್ಲ, ಆಕೆ 1956ರಲ್ಲಿ ಕೆಲಸಕ್ಕೆ ಸೇರಿದ್ದು ವೋಗ್ ಎಂಬ ಫ್ಯಾಷನ್ ಪತ್ರಿಕೆಗೆ. ಪದ ಎಣಿಸಿ ಅಡಿಬರಹ ಬರೆಯುತ್ತ ಕೈ ಪಳಗಿಸಿಕೊಂಡವರು. ಫ್ರಾನ್ಸಿನ ಕವಿ ಮಲಾರ್ಮೆ, ಅರ್ಥವಾಗದ ಕವಿತೆಗಳಿಗೆ ಹೆಸರಾದ ಮಲಾರ್ಮೆ, 1874ರಲ್ಲಿ ಒಂದು ಫ್ಯಾಷನ್ ಪತ್ರಿಕೆಯನ್ನು ಹೆಚ್ಚುಕಡಿಮೆ ಒಬ್ಬರೇ ಬರೆದು ಎಂಟು ಸಂಚಿಕೆ ತಂದರು, ಹೆಂಗಸರ ಹೆಸರುಗಳಲ್ಲಿ. ನಾಟಕಕಾರ ಆಸ್ಕರ್ ವೈಲ್ಡ್ 1887ರಿಂದ ಎರಡು ವರ್ಷ ಮಹಿಳಾ ಪತ್ರಿಕೆಯ ಸಂಪಾದಕರಾಗಿದ್ದರು. ಅಷ್ಟು ದೂರ ಯಾಕೆ, 1129ರ ಸುಮಾರಿಗೆ ನಮ್ಮ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ ರಾಜ್ಯಭಾರದ ನಡುವೆ ಬಿಡುವು ಮಾಡಿಕೊಂಡು ‘ಮಾನಸೋಲ್ಲಾಸ’ ಬರೆದ. ಅದರಲ್ಲಿ ವಸ್ತ್ರೋಪಭೋಗಕ್ಕೇ ಒಂದು ಭಾಗವಿದೆ. ದೊರೆಯನ್ನು ಯಾರೂ ‘ನಿಜವಾದ್ದು ಯಾವಾಗ ಬರೀತೀಯ?’ ಎಂದು ಕೇಳಿದಂತಿಲ್ಲ.

ಇನ್ನು ನಿಮ್ಮ ಧಾರಾವಾಹಿ, ಪ್ರಶಸ್ತಿ ಸಮಾರಂಭ, ಪಾಪ್ ಹಾಡು. ನನ್ನನ್ನು ಕೆರಳಿಸಿದ್ದು ನೀವು ಅವನ್ನು ನೋಡುವುದಲ್ಲ, ಕದ್ದುಮುಚ್ಚಿ ನೋಡುವುದು. ನಮ್ಮ ಕಚೇರಿಯಲ್ಲೇ ಒಬ್ಬರಿದ್ದಾರೆ. 1983ರ ವಿಶ್ವಕಪ್ ಫೈನಲ್ಲಿನಲ್ಲಿ ನಾವು 183ಕ್ಕೆ ಆಲೌಟಾಗಿ 43 ರನ್ನಿನಿಂದ ಗೆದ್ದದ್ದನ್ನು, ಯಾರ ವಿಕೆಟ್ ಯಾರ ಚೆಂಡಿಗೆ ಬಿತ್ತೆಂಬುದರ ಸಮೇತ, ನಿದ್ದೆಗಣ್ಣಲ್ಲೂ ಒಪ್ಪಿಸುತ್ತಾರೆ. ಹಳೇ ಪಂದ್ಯದ ಮರುಪ್ರಸಾರವನ್ನು, ಗೆಲ್ಲುವವರು ಯಾರೆಂದು ಗೊತ್ತಿದ್ದೂ, ಉಗುರು ಕಚ್ಚುತ್ತ ನೋಡುತ್ತಾರೆ. ಅವರಿಗೆ ಕ್ರೀಡಾಜ್ಞಾನಿ ಎಂಬ ಬಿರುದು. ನೀವು ನೋಡಿದ ಧಾರಾವಾಹಿಯನ್ನೇ ಮತ್ತೆ ನೋಡಿದರೆ ಕಾಲಹರಣ! 1929ರಷ್ಟು ಹಿಂದೆಯೇ ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ಇದನ್ನು ಮುಖಕ್ಕೆ ಹೊಡೆದಂತೆ ಹೇಳಿದ್ದಾರೆ: ಕಾಲ್ಚೆಂಡಾಟ ಘನವಾದದ್ದು, ಬಟ್ಟೆ ಕೊಳ್ಳುವುದು ಕ್ಷುಲ್ಲಕ, ಲೋಕ ನಡೆಯುವುದೇ ಹೀಗೆ ಎಂದು. ನೂರು ವರ್ಷವಾಗುತ್ತ ಬಂತು. ಪತ್ರಿಕೆಗಳಲ್ಲಿ ಆಟಕ್ಕೆ ದಿನವೂ ಪುಟವಿದೆ, ಉಡುಪಿಗೆ ವಾರಕ್ಕೊಮ್ಮೆ ಅರ್ಧ ಪುಟ, ಅದೂ ಜಾಹೀರಾತು ಬಾರದಿದ್ದರೆ.

ಹಗುರವಾದದ್ದರ ತೂಕ ಎಷ್ಟೆಂದು ನಿಮ್ಮ ಗೆಳೆಯರು ಕೇಳಿದರೆ ಇದನ್ನು ಹೇಳಿ. 2000ದ ಗ್ರ್ಯಾಮಿ ಸಂಗೀತ ಪ್ರಶಸ್ತಿ ಸಮಾರಂಭಕ್ಕೆ ಗಾಯಕಿ ಜೆನಿಫರ್ ಲೋಪೆಜ್ ಇಟಲಿಯ ಉಡುಪು ಸಂಸ್ಥೆ ವರ್ಸಾಚೆಯ ಹಸಿರು ಗೌನು ತೊಟ್ಟು ಬಂದರು. ಎಲೆಗಳ ಚಿತ್ತಾರ, ಹೊಕ್ಕುಳ ಕೆಳಗಿನವರೆಗೂ ಇಳಿದ ಕತ್ತು. ಲೋಕವೆಲ್ಲ ಅದನ್ನು ಗೂಗಲ್‌ನಲ್ಲಿ ಹುಡುಕಿತು. ಸಿಕ್ಕಿದ್ದೆಲ್ಲ ಅಕ್ಷರ, ಜನರಿಗೆ ಬೇಕಿದ್ದದ್ದು ಚಿತ್ರ. ಮರುವರ್ಷ ಗೂಗಲ್‌ನ ಚಿತ್ರಶೋಧ ಬಂತು. ಅದು ಹುಟ್ಟಿದ್ದೇ ಆ ಗೌನಿನಿಂದ ಎಂದು ಕಂಪನಿಯ ಮುಖ್ಯಸ್ಥರಲ್ಲೊಬ್ಬರಾಗಿದ್ದ ಎರಿಕ್ ಸ್ಮಿಟ್ 2015ರಲ್ಲಿ ಬರೆದುಕೊಂಡಿದ್ದಾರೆ. ಇವತ್ತು ಹಂಪಿಯ ಶಾಸನವನ್ನೋ ಹಸ್ತಪ್ರತಿಯ ಪುಟವನ್ನೋ ಚಿತ್ರಶೋಧದಲ್ಲಿ ಹುಡುಕುವ ವಿದ್ವಾಂಸರು ಒಮ್ಮೆ ಆ ಹಸಿರು ಗೌನಿಗೂ ಕೈಮುಗಿಯಬೇಕು.

ಆದರೆ ನನಗೆ ನಿಮ್ಮ ಪತ್ರ ಓದುತ್ತಲೇ ನೆನಪಾದದ್ದು ಬೇರೆಯವರು. ಬಿಲ್ ಕನ್ನಿಂಗ್‌ಹ್ಯಾಮ್. ನ್ಯೂಯಾರ್ಕ್ ಟೈಮ್ಸ್‌ಗೆ ಬೀದಿಯ ಉಡುಪುಗಳ ಫೋಟೋ ತೆಗೆಯುತ್ತಿದ್ದವರು, 2016ರಲ್ಲಿ ತೀರಿಕೊಂಡರು. ಮೈಮೇಲೆ ಫ್ರಾನ್ಸಿನ ಕೂಲಿಕಾರರು ತೊಡುವ ನೀಲಿ ಜಾಕೆಟ್ಟು, ಓಡಾಟಕ್ಕೆ ಸೈಕಲ್ಲು. ಮಳೆಯಂಗಿ ಹರಿದರೆ ಅದಕ್ಕೊಂದು ಅಂಟುಪಟ್ಟಿ. ಬಹಳ ಕಾಲ ಅವರು ವಾಸವಿದ್ದ ಕೋಣೆಯ ತುಂಬ ನೆಗೆಟಿವ್ ತುಂಬಿದ ಕಬ್ಬಿಣದ ಕಪಾಟುಗಳೇ. ಶ್ರೀಮಂತರ ಔತಣಗಳಿಗೆ ಕ್ಯಾಮೆರಾ ಹಿಡಿದು ಹೋದರೆ ಒಂದು ಲೋಟ ನೀರನ್ನೂ ಮುಟ್ಟುತ್ತಿರಲಿಲ್ಲ. ಬರೆಯುವ ಬಟ್ಟೆ ಕೊಳ್ಳಲಾಗುವುದಿಲ್ಲವೆಂಬ ನಿಮ್ಮ ಕೊರಗಿಗೆ ಇದಕ್ಕಿಂತ ಒಳ್ಳೆಯ ಮದ್ದು ನನ್ನಲ್ಲಿಲ್ಲ.

1978ರಲ್ಲಿ ಈತ ಬೀದಿಯಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸಿನ ಫೋಟೋ ತೆಗೆದರು. ತೆಗೆದದ್ದು ಯಾಕೆ? ಆಕೆಯ ತುಪ್ಪಳದ ಕೋಟಿನ ಭುಜದ ಹೊಲಿಗೆ ಸೊಗಸಾಗಿತ್ತು, ಅಷ್ಟೇ. ಮುಖ ನೋಡಿರಲೇ ಇಲ್ಲ. ಆಮೇಲೆ ಗೊತ್ತಾಯಿತು, ಆಕೆ ಹಾಲಿವುಡ್ ತಾರೆ ಗ್ರೇಟಾ ಗಾರ್ಬೊ. ದಶಕಗಳ ಹಿಂದೆಯೇ ನಟನೆ ಬಿಟ್ಟು ಕ್ಯಾಮೆರಾಗಳಿಂದ ತಲೆಮರೆಸಿಕೊಂಡು ಓಡಾಡುತ್ತಿದ್ದ ಗಾರ್ಬೊ! ಬೇರೆ ಛಾಯಾಗ್ರಾಹಕರು ಆಕೆಯ ಮುಖಕ್ಕಾಗಿ ವರ್ಷಗಟ್ಟಲೆ ಹೊಂಚು ಹಾಕುತ್ತಿದ್ದರು. ಈತನಿಗೆ ಬೇಕಿದ್ದದ್ದು ಒಂದು ಹೊಲಿಗೆ. ಆ ವರ್ಷದ ಡಿಸೆಂಬರ್ ಕೊನೆಯಲ್ಲಿ ಟೈಮ್ಸ್ ಅವರ ಬೀದಿಯ ಚಿತ್ರಗಳನ್ನು ಅಚ್ಚುಹಾಕಿತು. ಅವರ ಅಂಕಣದ ಬೇರು ಅಲ್ಲಿದೆ. ಭುಜ ನೋಡುವವನಿಗೆ ಗಾರ್ಬೊ ಸಿಕ್ಕಳು. ಗುಂಡಿ ನೋಡುತ್ತ ಸ್ಟೇಷನ್ ದಾಟಿಸಿಕೊಂಡವರು ನೀವು. ಒಂದೇ ಜಾತಿ, ಗೊತ್ತಾಯಿತೆ?

ಅದೇ ಕಣ್ಣಿಗೆ ಹಲ್ಲೂ ಬರಬಹುದು. 2005ರ ಜನವರಿಯಲ್ಲಿ ನಾಜಿಗಳ ಹತ್ಯಾಶಿಬಿರವಾಗಿದ್ದ ಆಷ್‌ವಿಟ್ಜ್‌ನ ವಿಮೋಚನೆಯ 60ನೇ ವರ್ಷದ ಸ್ಮರಣೆಗೆ ದೇಶದೇಶಗಳ ನಾಯಕರು ಸೇರಿದ್ದರು, ಹೆಚ್ಚಿನವರು ಕಡುಬಣ್ಣದ ಓವರ್‌ಕೋಟಿನಲ್ಲಿ. ಅವರ ನಡುವೆ ಅಮೆರಿಕದ ಉಪಾಧ್ಯಕ್ಷ ಡಿಕ್ ಚೆನಿ, ತುಪ್ಪಳದಂಚಿನ ಟೊಪ್ಪಿಗೆಯಿದ್ದ ಹಸಿರು ಪಾರ್ಕಾ ಎಂಬ ಚಳಿಯ ಜಾಕೆಟ್ಟು, ಚಾರಣದ ಬೂಟು, ‘ಸ್ಟಾಫ್ 2001’ ಎಂದು ಕಸೂತಿ ಹಾಕಿದ ಉಣ್ಣೆಟೋಪಿ. ರಾಜಕೀಯ ವರದಿಗಾರರು ಭಾಷಣ ಬರೆದುಕೊಳ್ಳುತ್ತಿದ್ದರೆ ವಾಷಿಂಗ್ಟನ್ ಪೋಸ್ಟ್‌ನ ಫ್ಯಾಷನ್ ಬರಹಗಾರ್ತಿ ರಾಬಿನ್ ಗಿವಾನ್ ಆ ಪಾರ್ಕಾದ ಬಗ್ಗೆ ಬರೆದರು. ಆ ಜಾಗಕ್ಕೆ ತೋರಿಸಬೇಕಾದ ಗೌರವ ಎಲ್ಲಿ ತಪ್ಪಿತೆಂಬುದು ಬಟ್ಟೆಯಲ್ಲೇ ಎದ್ದು ಕಾಣುತ್ತಿತ್ತು. ಮರುವರ್ಷ ಆಕೆಗೆ ವಿಮರ್ಶೆಗಾಗಿ ಅಮೆರಿಕದ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಬಂತು, ಫ್ಯಾಷನ್ ಬರಹಗಾರರೊಬ್ಬರಿಗೆ ಮೊದಲ ಸಲ. ತಂದೆಯವರು ಮುಂದಿನ ಸಲ ಫೋನ್ ಮಾಡಿದಾಗ ಇದನ್ನೂ ಹೇಳಿ ನೋಡಿ.

ಈಗ ಬೈಗುಳ. ನೀವು ಲಗತ್ತಿಸಿದ ಲೇಖನ ಓದಿದೆ. ಒಂದೂವರೆ ಪುಟದಲ್ಲಿ ‘ಆಕರ್ಷಕ’ ನಾಲ್ಕು ಸಲ, ‘ಕಣ್ಮನ ಸೆಳೆಯುವ’ ಎರಡು ಸಲ, ‘ಟ್ರೆಂಡಿ ಲುಕ್’ ಎಷ್ಟು ಸಲವೆಂದು ಎಣಿಸುವ ಧೈರ್ಯವಾಗಲಿಲ್ಲ. ಮೂರನೇ ಪ್ಯಾರಾ ಕಂಪನಿ ಕಳಿಸಿದ ಪ್ರಕಟಣೆಯಿಂದ ಎತ್ತಿದ್ದು. ಅಲ್ಲವೆಂದರೆ ನಂಬುವುದಿಲ್ಲ, ಅಂಥ ಪ್ರಕಟಣೆಗಳು ನನ್ನ ಮೇಜಿಗೂ ಬರುತ್ತವೆ. ಕಾಜಾ ಹೇಗಿತ್ತು, ಒಳಹೊಲಿಗೆ ಮುಚ್ಚಿತ್ತೋ ಇಲ್ಲವೋ, ಕೂತಾಗ ನೆರಿಗೆ ಎಲ್ಲಿ ಮುರಿಯಿತು, ಒಂದೂ ಇಲ್ಲ. ಎಲ್ಲ ಬಣ್ಣ ಮಸಿ ನುಂಗಿತು. ರೈಲಿನಲ್ಲಿ ಹಸಿರು ದಾರ ಕಂಡ ಕಣ್ಣು ಆಫೀಸಿಗೆ ಹೋಗುತ್ತಲೇ ಎಲ್ಲಿ ಮುಚ್ಚಿಕೊಳ್ಳುತ್ತದೆ? ತಪ್ಪು ಪೂರ್ತಿ ನಿಮ್ಮದಲ್ಲ, ಬಲ್ಲೆ. ಹೊಗಳಿದರೆ ಜಾಹೀರಾತು, ಇಲ್ಲದಿದ್ದರೆ ಮುಂದಿನ ಪ್ರದರ್ಶನಕ್ಕೆ ಆಹ್ವಾನವಿಲ್ಲ. ನಿಮ್ಮನ್ನು ಕೂರಿಸುವ ಸಾಲು ಕೂಡ ನೀವು ಬರೆದ ವಿಶೇಷಣಗಳ ಮೇಲೆ ನಿಂತಿರುತ್ತದೆ. ಆದರೂ ‘ಆಕರ್ಷಕ’ವನ್ನು ನಾಲ್ಕನೇ ಸಲ ಬರೆಯಿರೆಂದು ಯಾರೂ ಕುತ್ತಿಗೆ ಪಟ್ಟಿ ಹಿಡಿದಿರಲಿಲ್ಲ.

ಹಾಗೆ ನೋಡಿದರೆ ನಿಮಗಿಂತ ದೊಡ್ಡ ಅಪರಾಧಿಗಳು ಆ ಸಾಹಿತ್ಯದ ಗೆಳೆಯರೇ. ತಿಂಗಳಿಗೆ ನೂರಾರು ಕಥೆಗಳು ನಮ್ಮ ಕಚೇರಿಗೆ ಬರುತ್ತವೆ. ಅವುಗಳ ಪಾತ್ರಗಳು ನಿಟ್ಟುಸಿರು ಬಿಡುತ್ತವೆ, ಕಿಟಕಿಯಾಚೆ ನೋಡುತ್ತವೆ, ಅಸ್ತಿತ್ವದ ಬಗ್ಗೆ ತಲೆ ಕೆಡಿಸಿಕೊಳ್ಳುತ್ತವೆ. ಮೈಮೇಲೆ ಬಟ್ಟೆ ಮಾತ್ರ ಇಲ್ಲ! ಕಥೆ ಮುಗಿದರೂ ನಾಯಕ ಏನು ತೊಟ್ಟಿದ್ದ, ಅಂಗಿಯ ಕಾಲರ್ ಸವೆದಿತ್ತೋ ಇಸ್ತ್ರಿ ಹೊಸದೋ ತಿಳಿಯುವುದಿಲ್ಲ. ಮಹಾಭಾರತ ಓದಿ ಬೆಳೆದವರು ಹೀಗೆ ಬರೆಯುವುದೇ? ಸಭೆಯಲ್ಲಿ ಎಳೆದ ಒಂದು ಸೀರೆಗೆ 18 ಅಕ್ಷೋಹಿಣಿ ಸೈನ್ಯ ಮಣ್ಣಾಯಿತು. ಕರ್ಣ ಮೈಯಿಂದ ಕೊಯ್ದು ಕೊಟ್ಟದ್ದು ತೊಡುಗೆಯನ್ನೇ. ರಾಮ ಕಾಡಿಗೆ ಹೊರಟನೆಂಬುದು ಅಯೋಧ್ಯೆಗೆ ನಾಟಿದ್ದು ಅವನು ನಾರುಮಡಿ ಉಟ್ಟಾಗ. ನಮ್ಮ ಇಂದಿನ ಕಥೆಗಾರರನ್ನು ಕೇಳಿದರೆ ‘ಅವಳು ಸರಳವಾದ ಉಡುಪು ಧರಿಸಿದ್ದಳು’ ಎನ್ನುತ್ತಾರೆ. ಯಾವ ನೀಲಿ ಎಂದು ಕೇಳಲು ಆ ಮೇಡಂ ಈಗ ಇಲ್ಲ. ಪುಟವೂ ಇಲ್ಲ, ನಾನು ಬಿಟ್ಟ ಮರುವರ್ಷ ನಿಲ್ಲಿಸಿದರು. ಆ ಜಾಗಕ್ಕೆ ರಾಶಿಫಲ ಬಂತು.

ಕೆಲಸ ಬಿಡಬೇಡಿ. ಆ ಕೋಟಿಗೆ ಬರೋಣ. ನನಗೆ ಎರಡು ದಿನದಿಂದ ಅದೇ ತಲೆಯಲ್ಲಿ ಕೂತಿದೆ. ಕಪ್ಪು ದಾರ ಸಿಗದೆ ಹಸಿರಿನಲ್ಲಿ ಹೊಲಿದರೋ, ಅವಸರಕ್ಕೆ ಬೇರೆ ಯಾರಾದರೂ ಹೊಲಿದುಕೊಟ್ಟರೋ? ಐದನೆಯ ಗುಂಡಿಯೂ ಮಿಕ್ಕ ನಾಲ್ಕರದ್ದೇ ಜೊತೆಯದೋ, ಬೇರೆ ಕೋಟಿನದೋ? ಆಕೆಯ ಕೈ ಆ ಗುಂಡಿಯನ್ನು ಮುಚ್ಚಿಕೊಳ್ಳಲು ಹೋಗುತ್ತಿತ್ತೇ? ನಿಮಗೆ ಗೊತ್ತಿರಬೇಕು, ಸ್ಟೇಷನ್ ದಾಟುವಷ್ಟು ಹೊತ್ತು ನೋಡಿದವರು ನೀವು. 600 ಪದದಲ್ಲಿ ಬರೆದು ಮುಂದಿನ ತಿಂಗಳ ಹತ್ತನೇ ತಾರೀಖಿನೊಳಗೆ ಕಳಿಸಿ. ಒಂದೇ ಒಂದು ‘ಆಕರ್ಷಕ’ ಕಂಡರೂ ಕೆಂಪು ಪೆನ್ಸಿಲ್ ನನ್ನ ಹತ್ತಿರವೂ ಇದೆ.

ಮತ್ತೆ, ಹತ್ತಾರು ಸಲ ನೋಡಿದ ಆ ಧಾರಾವಾಹಿಯ ಹೆಸರನ್ನು ಪತ್ರದಲ್ಲಿ ಬರೆದಿಲ್ಲ. ಅದನ್ನೂ ತಿಳಿಸಿ. ಭಾನುವಾರ ನನಗೂ ಬಿಡುವು.