ಕೆಚ್ಯಾವ್‌ಗೆ ಬರ್ಲಾ ಅಂತ ಕೇಳಿದ ತಮ್ಮನಿಗೆ

ತಮ್ಮಾ, ನಿನ್ನ ಮೆಸೇಜ್ ಎರಡು ಸಲ ಓದ್ದೆ. ಚೀನಾದ ಈ ಬಟ್ಟೆ ಮಾರ್ಕೆಟ್ ಊರು ಕೆಚ್ಯಾವ್‌ನಲ್ಲಿ ಟ್ರೇಡಿಂಗ್ ಕಂಪನಿಲಿ ಆರ್ಡರ್ ನೋಡ್ಕೊಳ್ಳೋ ಮರ್ಚಂಡೈಸರ್ ಕೆಲ್ಸ ಸಿಕ್ಕಿದೆ, ಬರ್ಲಾ ಬೇಡ್ವಾ, ಅಲ್ಲಿ ಜನ ನಮ್ಮೋರನ್ನ ಹೇಗೆ ನೋಡ್ತಾರೆ, ಸಸ್ಯಾಹಾರಿಗೆ ಊಟ ಸಿಗುತ್ತಾ, ಮನೇಲಿ ಅಮ್ಮ ಭಯ ಪಡ್ತಿದ್ದಾರೆ ಅಂತ ಕೇಳಿದ್ದೀಯ. ನಾನಿಲ್ಲಿಗೆ ಬಂದು 14 ವರ್ಷ ಆಯ್ತು, ಕಂಡಿದ್ದು ಹೇಳ್ತೀನಿ.

ಮೊದ್ಲು ವೀಸಾ ವಿಷ್ಯ. ಬಿಸಿನೆಸ್ ವೀಸಾದಲ್ಲಿ ಬಂದ್ಬಿಡು ಆಮೇಲೆ ಬದಲಾಯಿಸೋಣ ಅಂತ ಯಾರಾದ್ರೂ ಹೇಳಿದ್ರೆ ಖಂಡಿತ ಒಪ್ಕೋಬೇಡ, ಕೆಲ್ಸಕ್ಕೆ ಝಡ್ ವೀಸಾನೇ ಬೇಕು. ಬಂದ 30 ದಿನದೊಳಗೆ ರೆಸಿಡೆನ್ಸ್ ಪರ್ಮಿಟ್‌ಗೆ ಹಾಕ್ಬೇಕು, ಬಾಡಿಗೆ ಮನೆಗೆ ಹೋದ್ರೆ 24 ಗಂಟೆಯೊಳಗೆ ಪೊಲೀಸ್ ಸ್ಟೇಷನ್‌ನಲ್ಲಿ ಹೆಸ್ರು ಬರೆಸ್ಬೇಕು. ನಂಗೆ ಗೊತ್ತಿದ್ದ ಒಬ್ಬ ಹುಡುಗ ಏಜೆಂಟ್ ಮಾತು ಕೇಳಿ ಬಂದು ದಂಡ ಕಟ್ಟಿ ವಾಪಸ್ ಹೋದ, ಅವರಪ್ಪ ಸಾಲ ಮಾಡಿ ಕಳಿಸಿದ್ರು, ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗುತ್ತೆ.

ನಮ್ದು ಶಿಡ್ಲಘಟ್ಟ ಕಡೆ, ಅಪ್ಪ ಗೂಡಿಂದ ರೇಷ್ಮೆ ನೂಲು ತೆಗೆಯೋ ರೀಲರ್. ಚೀನಾ ರೇಷ್ಮೆ ಬಂತಂತೆ ಅಂತ ಸುದ್ದಿ ಆದ್ರೆ ಸಾಕು ಮಾರ್ಕೆಟ್‌ನಲ್ಲಿ ಗೂಡಿನ ರೇಟ್ ಬೀಳೋದು, ಮನೇಲಿ ಎಲ್ರ ಮುಖ ಸಪ್ಪೆ. ಚೀನಾ ಅಂದ್ರೆ ನಂಗೆ ಅಷ್ಟೇ ಗೊತ್ತಿದ್ದಿದ್ದು. ಇಲ್ಲಿಗೆ ಬಂದ್ಮೇಲೆ ನೋಡಿದ್ರೆ, ಹಿಂದೆ ರೇಷ್ಮೆಗೆ ಹೆಸ್ರುವಾಸಿ ಆಗಿದ್ದ ಈ ಝೆಜಿಯಾಂಗ್ ಪ್ರಾಂತ್ಯದಲ್ಲೇ ಹಿಪ್ಪುನೇರಳೆ ತೋಟ ಕಮ್ಮಿ ಆಗಿ ಗೂಡು ಬೆಳೆಯೋದು ದೂರದ ಗುವಾಂಗ್ಶಿಗೆ ಹೋಗ್ಬಿಟ್ಟಿದೆ, ಯಾಕಂದ್ರೆ ಇಲ್ಲಿ ಭೂಮಿ ಬೆಲೆ, ಕೂಲಿ ಎರಡೂ ಏರಿದೆ. ಕೆಚ್ಯಾವ್‌ನಲ್ಲಿ ಈಗ ಬಹುಪಾಲು ಪಾಲಿಯೆಸ್ಟರ್. ಅಂದ್ರೆ ನಮ್ಮ ರೇಟ್ ಬೀಳ್ಸಿದ್ದ ಊರಿನ ರೈತನೂ ಹುಳ ಸಾಕೋದು ಬಿಟ್ಟಿದ್ದ. ಅದು ತಿಳಿದ ದಿನ ನನ್ನ ಸಿಟ್ಟು ಅರ್ಧ ಇಳೀತು.

2001ರ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆ (ಡಬ್ಲ್ಯೂಟಿಒ) ಸೇರಿದ್ಮೇಲೆ ಈ ಊರು ಬೆಳೆದಿದ್ದು ಹೇಗೆ ಅಂತ ಮಾರ್ಕೆಟ್‌ಗೆ ಬಂದ್ರೆ ಅರ್ಥ ಆಗುತ್ತೆ. ಒಂದೇ ಬೆಳಗ್ಗೆ ಆಫ್ರಿಕಾದೋರು, ಅರಬ್ಬರು, ಪಾಕಿಸ್ತಾನದೋರು, ರಷ್ಯಾದೋರು, ನಮ್ಮೋರು. ಢಾಕಾದಲ್ಲಿ ಹೊಲೆದು ಮೇಡ್ ಇನ್ ಬಾಂಗ್ಲಾದೇಶ್ ಅಂತ ಯುರೋಪಿಗೆ ಹೋಗೋ ಎಷ್ಟೋ ಶರ್ಟಿನ ಬಟ್ಟೆ ಚೀನಾದ್ದೇ. ಚೀನಾ ಪ್ರಪಂಚದಲ್ಲಿ ದೊಡ್ಡದಾಗಿದೆ ಅಂತ ಟಿವಿಲಿ ಹೇಳ್ತಾರಲ್ಲ, ಅದು ಬರೀ ಮಿಸೈಲು, ಬೇರೆ ದೇಶಗಳಲ್ಲಿ ರಸ್ತೆ, ಬಂದರು ಕಟ್ಟೋ ಬೆಲ್ಟ್ ಅಂಡ್ ರೋಡ್ ಅಲ್ಲ ತಮ್ಮಾ, ಬೇರೆ ದೇಶದ ಕಾರ್ಖಾನೆಗಳಿಗೆ ಬೇಕಾದ ಕಚ್ಚಾಮಾಲು, ಮೆಷೀನು, ಝಿಪ್ಪು, ಬಟನ್ನು ಎಲ್ಲಾ ಇವರ ಹತ್ರಾನೇ ಕೊಳ್ಳೋ ಹಾಗಾಗಿರೋದು. ನಮ್ಮ ಕರ್ನಾಟಕದಲ್ಲೇ ಆಟೋಮ್ಯಾಟಿಕ್ ರೀಲಿಂಗ್ ಮೆಷೀನ್ ಚೀನಾದಿಂದ ತರಿಸಿ ಹಾಕ್ಕೊಂಡಿದ್ದಾರೆ.

ಆದ್ರೆ ನೀನು ಬಂದ್ಮೇಲೆ ದೊಡ್ಡ ಬಿಲ್ಡಿಂಗು, ಹಾಂಗ್‌ಝೌಗೆ 20 ನಿಮಿಷದ ಟ್ರೈನು ನೋಡಿ ಬೆರಗಾಗಿ ಅಲ್ಲೇ ನಿಂತ್ಬಿಡ್ಬೇಡ. ಬಟ್ಟೆಗೆ ಬಣ್ಣ ಹಾಕೋ ಡೈಯಿಂಗ್ ಮಿಲ್‌ಗೆ ಹೋದಾಗ ಅಲ್ಲಿ ಬಿಸಿ ಹಬೇಲಿ ನಿಂತಿರೋರನ್ನ ನಿಮ್ಮೂರು ಯಾವ್ದು ಅಂತ ಕೇಳು. ಆನ್‌ಹುಯಿ, ಗುಯಿಝೌ, ಸಿಚುವಾನ್ ಅಂತಾರೆ, ಈ ಊರಿನೋರು ಕಮ್ಮಿ. ಹೀಗೆ ಹಳ್ಳಿ ಬಿಟ್ಟು ದುಡಿಯೋರು ದೇಶದಲ್ಲಿ 17 ಕೋಟಿಗೂ ಹೆಚ್ಚು ಜನ. ಇಲ್ಲಿ ಹುಕೌ ಅಂತಿದೆ, ಹುಟ್ಟಿದ ಊರಿಗೆ ಕಟ್ಟಿಹಾಕೋ ದಾಖಲೆ ಅನ್ಕೋ, ಬೇರೆ ಊರಲ್ಲಿ ಎಷ್ಟು ವರ್ಷ ದುಡಿದ್ರೂ ಮಕ್ಕಳ ಸ್ಕೂಲು, ಕಾಲೇಜ್ ಪ್ರವೇಶದ ಗಾವ್‌ಕಾವ್ ಪರೀಕ್ಷೆ ಎಲ್ಲದಕ್ಕೂ ಅದೇ ಅಡ್ಡ ಬರುತ್ತೆ. ಅದಕ್ಕೇ ಮಕ್ಕಳನ್ನ ಅಜ್ಜಿ ತಾತನ ಹತ್ರ ಬಿಟ್ಟು ಬರ್ತಾರೆ. ನಂಗೆ ಚೈನೀಸ್ ಕಲಿಸಿದ್ದು ನಮ್ಮ ಬೀದಿ ತರಕಾರಿ ಅಂಗಡಿ ಅಕ್ಕ, ಆನ್‌ಹುಯಿಯೋರು, ವರ್ಷಕ್ಕೊಂದ್ಸಲ ಚೀನೀ ಹೊಸ ವರ್ಷಕ್ಕೆ ಮಗಳನ್ನ ನೋಡೋಕೆ ಹೋಗ್ತಿದ್ರು. ಒಂದ್ಸಲ ಊರಿಂದ ಬಂದು, ಮಗು ನನ್ನನ್ನ ನೋಡಿ ಅಜ್ಜಿ ಹಿಂದೆ ಬಚ್ಚಿಟ್ಕೊಳ್ತು ಅಂತ ಹೇಳಿ ಸೊಪ್ಪು ಕಟ್ಟೋಕೆ ಕೂತ್ರು. ಈ ದೇಶದ ಸ್ಪೀಡ್ ಬಗ್ಗೆ ಯಾರಾದ್ರೂ ಮಾತಾಡಿದ್ರೆ ನಂಗೆ ಆ ಅಕ್ಕನೇ ಕಣ್ಮುಂದೆ ಬರ್ತಾರೆ.

ಜನ ನಮ್ಮೋರನ್ನ ಹೇಗೆ ನೋಡ್ತಾರೆ ಅಂದ್ಯಲ್ಲ. ಒಂದಿಬ್ರು ಓನರ್‌ಗಳು ಫಾರಿನರ್‌ಗೆ ಮನೆ ಕೊಡಲ್ಲ ಅಂತ ಬಾಗಿಲು ಹಾಕಿದ್ದುಂಟು. 2020ರಲ್ಲಿ ಗಲ್ವಾನ್ ಗಲಾಟೆ ಆದಾಗ ನಾನೂ ಹೆದರಿದ್ದೆ, ಆದ್ರೆ ಅಕ್ಕಪಕ್ಕದೋರು ಒಂದು ಮಾತೂ ಕೆಟ್ಟದಾಗಿ ಆಡ್ಲಿಲ್ಲ. ಕಷ್ಟ ಆಗಿದ್ದು ಕೊರೊನಾದಲ್ಲಿ ನಿಂತ ಫ್ಲೈಟ್ ಇಲ್ದೆ, ಊರಿಗೆ ಹೋದ್ರೆ ತಿರುಗಿ ಬರೋಕಾಗುತ್ತೋ ಇಲ್ವೋ ಅಂತ ಹೋಗದೇ ಉಳಿದು ಅಜ್ಜಿ ಮಣ್ಣಿಗೆ ನಾನಿರ್ಲಿಲ್ಲ. ನೇರ ಫ್ಲೈಟ್ ಮತ್ತೆ ಶುರುವಾಗಿದ್ದು 2025ರ ಅಕ್ಟೋಬರ್‌ನಲ್ಲಿ.

ಊಟಕ್ಕೆ ವೋ ಚ್ ಸು ಅಂತ ಕಲಿ, ನಾನು ಸಸ್ಯಾಹಾರಿ ಅಂತ ಅರ್ಥ, ಆದ್ರೂ ಹಂದಿ ಕೊಬ್ಬು ಹಾಕ್ಬೇಡಿ ಅಂತ ಬೇರೆ ಹೇಳ್ಬೇಕು. ಇಲ್ಲಿ ಇಂಡಿಯನ್ ಹೋಟೆಲ್‌ಗಳಿವೆ, ಆದ್ರೆ ದಿನಾ ಅಲ್ಲೇ ತಿಂದು ನಮ್ಮೋರ ಜೊತೆನೇ ಇದ್ರೆ ಹತ್ತು ವರ್ಷ ಆದ್ರೂ ಭಾಷೆ ಬರಲ್ಲ. ಭಾಷೆ ಬರ್ದಿದ್ರೆ ಬಟ್ಟೆ ಬಣ್ಣದ ಶೇಡ್ ಯಾಕೆ ಮ್ಯಾಚ್ ಆಗ್ಲಿಲ್ಲ ಅನ್ನೋದನ್ನೂ ಬೇರೆಯೋರ ಬಾಯಲ್ಲೇ ಕೇಳ್ಬೇಕಾಗುತ್ತೆ.

ಇಲ್ಲಿ ವಾಟ್ಸಾಪ್ ನಡಿಯಲ್ಲ, ಇಂಡಿಯಾದಲ್ಲಿ ಇವರ ಮೆಸೇಜ್ ಆ್ಯಪ್ ವೀಚಾಟ್ ಬ್ಯಾನ್. ಇಂಡಿಯಾ ಸಿಮ್‌ಗೆ ರೋಮಿಂಗ್ ಪ್ಯಾಕ್ ಹಾಕಿಸ್ಕೊಂಡು ಬಾ, ಅದ್ರಲ್ಲಿ ವಾಟ್ಸಾಪ್ ಬರುತ್ತೆ, ಇಳಿದ ದಿನಾನೇ ಅಮ್ಮಂಗೆ ಮುಖ ತೋರ್ಸು. ಕಂಪನಿ ಕೊಟ್ಟ ಕಾಂಟ್ರಾಕ್ಟ್‌ದು ಚೈನೀಸ್ ಕಾಪಿ ಫೋಟೋ ಕಳ್ಸು, ಇಂಗ್ಲಿಷ್‌ದು ಬೇಡ. ಭಾನುವಾರ ಕೂತು ಓದಿ ಸಂಬಳ, ರಜಾ, ವೀಸಾ ಏನು ಬರ್ದಿದ್ದಾರೆ ಅಂತ ಹೇಳ್ತೀನಿ, ಆಮೇಲೆ ಸೈನ್ ಹಾಕು.