276 ಕ್ಯಾಮ್ ತಗೊಳ್ಳುವ ಮುಂಚೆ ಮ್ಯಾನಿಫೋಲ್ಡ್‌ಗೆ ಒಂದು ತೂತು ಕೊರೆಯಿರಿ

ಪೋಸ್ಟ್ ನೋಡಿ ಸುಮ್ನೆ ಇರೋಣ ಅಂದುಕೊಂಡೆ, ಆಗಲಿಲ್ಲ. ಹಳೇ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 1.8 ಟಿ ಎಂಜಿನ್, ಸ್ಟಾಕ್ ಕೆ03 ಟರ್ಬೊ, ಸ್ಟೇಜ್ 1 ಮ್ಯಾಪ್ (ಪವರ್ ಸ್ವಲ್ಪ ಏರಿಸುವ ಸಾಫ್ಟ್‌ವೇರ್ ಟ್ಯೂನ್). ದಿನಾ ಹಾಸನದಿಂದ ಬೇಲೂರು ಮೇಲೆ ಚಿಕ್ಕಮಗಳೂರು, ತಿಂಗಳಿಗೆ ಎರಡು ಸಲ ಚಾರ್ಮಾಡಿ ಇಳಿದು ಮಂಗಳೂರು. ಯಾರೋ ಸೆಕೆಂಡ್ ಹ್ಯಾಂಡ್ 276 ಡಿಗ್ರಿ ಕ್ಯಾಮ್ ಜೋಡಿ (ವಾಲ್ವ್ ತೆರೆಸುವ ಶಾಫ್ಟ್, ಡಿಗ್ರಿ ಜಾಸ್ತಿ ಅಂದರೆ ವಾಲ್ವ್ ಜಾಸ್ತಿ ಹೊತ್ತು ತೆರೆದಿರುತ್ತದೆ) ಅಗ್ಗಕ್ಕೆ ಕೊಡುತ್ತಿದ್ದಾರೆ, ಹಾಕಿಸಲಾ ಅಂತ ಕೇಳಿದ್ದೀರಿ. ಕೆಳಗೆ ಹನ್ನೊಂದು ಜನ 'ಹಾಕ್ಸಿ ಬ್ರೋ' ಅಂದಿದ್ದಾರೆ. ಅವರಲ್ಲಿ ಒಬ್ಬರೂ ನಿಮ್ಮ ಗಾಡಿಯನ್ನು ಚಾರ್ಮಾಡಿ ಹತ್ತಿಸಿಕೊಡಲು ಬರುವುದಿಲ್ಲ.

2014ರಲ್ಲಿ ನಾನೂ ಇದನ್ನೇ ಮಾಡಿದೆ. ಅದೇ ಗಾಡಿ, ಅದೇ ಕೆ03, ಕ್ಯಾಮ್ ಮಾತ್ರ 272. ಸ್ಟಾರ್ಟ್ ಮಾಡಿದ ದಿನ ಐಡಲ್‌ನ ಆ ಗುಡುಗುಡು ಕೇಳಿ ಕುಣಿದಾಡಿದೆ. ಪಕ್ಕದ ಮನೆಯವರು ಬಂದು 'ಗಾಡಿಗೇನು ಚಳಿಜ್ವರವಾ?' ಅಂದರು. ಅವರೇ ಸರಿ ಅಂತ ಗೊತ್ತಾಗಲು ಒಂದು ವಾರ ಸಾಕಾಯಿತು. ಮುಂಚೆ 2,300 ಆರ್‌ಪಿಎಂಗೆ ತುಂಬುತ್ತಿದ್ದ ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) 3,000 ದಾಟಿದ ಮೇಲೆ ಬರತೊಡಗಿತು. ಚಾರ್ಮಾಡಿಯ ಹೇರ್‌ಪಿನ್‌ಗಳಲ್ಲಿ ಸೆಕೆಂಡ್ ಗೇರ್, 1,800 ಆರ್‌ಪಿಎಂ, ಪೆಡಲ್ ನೆಲಕ್ಕೆ ಒತ್ತಿದರೂ ಗಾಡಿ ಯೋಚನೆ ಮಾಡುತ್ತಾ ನಿಲ್ಲುತ್ತಿತ್ತು. ಹಿಂದೆ ಓಮ್ನಿಯವನು ಹಾರ್ನ್ ಹೊಡೆಯುತ್ತಿದ್ದ. ಇಳಿಯುವಾಗ ಇನ್ನೂ ಕಷ್ಟ. ಬಸ್ಸಿನ ಹಿಂದೆ ಕ್ಲಚ್ ಒತ್ತಿ ನಿಧಾನಕ್ಕೆ ಬರುವಾಗ ಎರಡು ಮೂರು ಸಲ ಬ್ರೇಕ್ ತುಳಿದರೆ ಪೆಡಲ್ ಕಲ್ಲಾಗುತ್ತಿತ್ತು. ಓವರ್‌ಲ್ಯಾಪ್ (ಇನ್‌ಟೇಕ್, ಎಕ್ಸಾಸ್ಟ್ ವಾಲ್ವ್ ಎರಡೂ ಒಟ್ಟಿಗೆ ತೆರೆದಿರುವ ಹೊತ್ತು) ಜಾಸ್ತಿಯಾಗಿ ಐಡಲ್ ವ್ಯಾಕ್ಯೂಮ್ ಬಿದ್ದಿತ್ತು, ಆ ವ್ಯಾಕ್ಯೂಮ್‌ನಿಂದಲೇ ಬ್ರೇಕ್ ಹಗುರ ಮಾಡುವ ಬ್ರೇಕ್ ಬೂಸ್ಟರ್‌ಗೆ ಸಾಕಾಗುತ್ತಿರಲಿಲ್ಲ. ಪಕ್ಕದಲ್ಲಿ ಪ್ರಪಾತ ಇರುವಾಗ ಇದು ತಮಾಷೆ ಅಲ್ಲ.

ಹೋಗಲಿ, ಟಾಪ್ ಎಂಡ್ (ಮೇಲಿನ ಆರ್‌ಪಿಎಂನ ಎಳೆತ) ಆದರೂ ಸಿಕ್ಕಿತಾ? ಅದೂ ಇಲ್ಲ. 5,500ರ ನಂತರ ಮುಂಚಿಗಿಂತ ಮಂಕು. ಆಗಲೇ ತಲೆಗೆ ಹೊಳೆದದ್ದು, ಉಸಿರು ಕಟ್ಟಿರುವುದು ಕ್ಯಾಮ್, ವಾಲ್ವ್ ಕೂರುವ ಹೆಡ್‌ನಲ್ಲಿ ಅಲ್ಲ, ಹೊಗೆ ತಿರುಗಿಸುವ ಟರ್ಬೊ ಚಕ್ರ ಇದೆಯಲ್ಲ, ಆ ಟರ್ಬೈನ್‌ನಲ್ಲಿ ಅಂತ.

ಟರ್ಬೈನ್ ಮುಂದೆ ಹೊಗೆಯ ಒತ್ತಡ ಎಷ್ಟಿದೆ ಅಂತ ಅಳೆದು ನೋಡಿದೆ. ಈ ಉತ್ತರದಲ್ಲಿ ಬೇರೇನೂ ಓದದಿದ್ದರೂ ಇದನ್ನು ಓದಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ ಹೊಗೆಯನ್ನು ಟರ್ಬೊಗೆ ಒಯ್ಯುವ ಕೊಳವೆ) ಬಿಚ್ಚಿ, ಟರ್ಬೊ ಫ್ಲೇಂಜ್‌ನ ಹತ್ತಿರ ಒಂದು ತೂತು ಕೊರೆದು ಥ್ರೆಡ್ ಹಾಕಿಸಿ. ಗಾಡಿಯ ಮೇಲೆ ಇಟ್ಟುಕೊಂಡೇ ಕೊರೆಯಬೇಡಿ, ಕಬ್ಬಿಣದ ಚೂರು ಟರ್ಬೈನ್‌ಗೆ ಹೋದರೆ ಕಥೆ ಮುಗಿಯಿತು. ಹೊಗೆಯ ಬಿಸಿ ಅಳೆಯುವ ಇಜಿಟಿ ಸೆನ್ಸರ್‌ಗೆ ಮೊದಲೇ ತೂತು ಇದ್ದರೆ ಅದೇ ಸಾಕು. ಫ್ರಿಜ್ ರಿಪೇರಿ ಅಂಗಡಿಯಲ್ಲಿ ಕಾಲು ಇಂಚಿನ ತಾಮ್ರದ ಪೈಪ್ ಒಂದೂವರೆ ಮೀಟರ್ ತಗೊಳ್ಳಿ. ಪೇಂಟ್ ಡಬ್ಬಕ್ಕೆ ಸುತ್ತಿ ಸುರುಳಿ ಮಾಡಿ, ಶಾಖ ಅಲ್ಲೇ ಆರುತ್ತದೆ. ಆಮೇಲೆ ರಬ್ಬರ್ ಹೋಸ್, ತುದಿಗೆ ಮೀಟರ್. ನಾನು ಮೀಟರ್ ಕೊಳ್ಳಲಿಲ್ಲ, ತೋಟದ ಡ್ರಿಪ್ ಫಿಲ್ಟರ್ ಮೇಲಿದ್ದ 0–4 ಕೆ.ಜಿ. ಗೇಜನ್ನೇ ಬಿಚ್ಚಿ ತಂದೆ. ಮುಳ್ಳು ಹುಚ್ಚು ಹಿಡಿದ ಹಾಗೆ ನಡುಗಿತು. ಪೈಪನ್ನು ಪ್ಲೈಯರ್‌ನಲ್ಲಿ ಸ್ವಲ್ಪ ಹಿಸುಕಿದ ಮೇಲೆ ನೆಟ್ಟಗೆ ನಿಂತಿತು. ಬೆಳಗ್ಗೆ ಐದೂವರೆಗೆ ಕಡೂರು ರಸ್ತೆ, ಥರ್ಡ್ ಗೇರ್, 2,500ರಿಂದ ಒಂದೇ ಎಳೆತ. ಪಕ್ಕದಲ್ಲಿ ಕೂತ ತಮ್ಮ ಬೂಸ್ಟ್ ಮೀಟರ್, ಡ್ರಿಪ್ ಮೀಟರ್ ಎರಡನ್ನೂ ಮೊಬೈಲ್‌ನಲ್ಲಿ ವಿಡಿಯೊ ಮಾಡಿದ.

5,500 ಆರ್‌ಪಿಎಂನಲ್ಲಿ ಬೂಸ್ಟ್ 0.9 ಬಾರ್. ಡ್ರಿಪ್ ಮೀಟರ್ 2.1 ಕೆ.ಜಿ., ಹೆಚ್ಚುಕಮ್ಮಿ ಅಷ್ಟೇ ಬಾರ್!

ಅಂದರೆ ಸಿಲಿಂಡರ್ ಒಳಗೆ ಹೋಗುವ ಗಾಳಿಗಿಂತ ಹೊರಗೆ ಕಾದು ನಿಂತ ಹೊಗೆಯ ಒತ್ತಡವೇ ಎರಡು ಪಟ್ಟಿಗಿಂತ ಜಾಸ್ತಿ. ಇಂಥ ಕಡೆ ಎರಡೂ ವಾಲ್ವ್ ಜಾಸ್ತಿ ಹೊತ್ತು ಒಟ್ಟಿಗೆ ತೆರೆದಿಟ್ಟರೆ ಹೊಗೆ ವಾಪಸ್ ಒಳಗೇ ನುಗ್ಗುತ್ತದೆ. ಹೊಸ ಗಾಳಿಗೆ ಜಾಗ ಕಮ್ಮಿ, ಬಿಸಿ ಜಾಸ್ತಿ, ನಾಕ್ (ಪೆಟ್ರೋಲ್ ಹೊತ್ತಿಲ್ಲದ ಹೊತ್ತಲ್ಲಿ ಉರಿಯುವುದು) ಬಂದು ಎಂಜಿನ್ ಕಂಪ್ಯೂಟರ್, ಅಂದರೆ ಇಸಿಯು, ಸ್ಪಾರ್ಕ್ ಟೈಮಿಂಗ್ ಹಿಂದಕ್ಕೆ ಎಳೆದು ಪವರ್ ಇಳಿಸುತ್ತದೆ. ಕೆಳಗಿನ ಆರ್‌ಪಿಎಂ ಹಾಳಾಗುವುದು ಬೇರೆ ಕಾರಣಕ್ಕೆ. ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುವುದರಿಂದ ಹಿಡಿದ ಗಾಳಿ ಸ್ವಲ್ಪ ಹಿಂದಕ್ಕೇ ಹೋಗುತ್ತದೆ. ನನ್ನ ಲೆಕ್ಕ ಇಷ್ಟೇ: ಎಕ್ಸಾಸ್ಟ್ ಮ್ಯಾನಿಫೋಲ್ಡ್ ಒತ್ತಡ ಬೂಸ್ಟ್‌ನ ಎರಡು ಪಟ್ಟು ಬಂದರೆ ಕ್ಯಾಮ್ ಸುದ್ದಿಗೇ ಹೋಗಬೇಡಿ. ಒಂದೂಕಾಲು ಪಟ್ಟಿನ ಆಸುಪಾಸು ಇದ್ದರೆ ಆಗ ಮಾತಾಡೋಣ. ನಮ್ಮೂರು ಸಮುದ್ರ ಮಟ್ಟದಿಂದ 1,000 ಮೀಟರ್ ಮೇಲಿದೆ, ಗಾಳಿ ಹತ್ತರಲ್ಲಿ ಒಂದು ಭಾಗ ತೆಳು. ಅದೇ ಬೂಸ್ಟ್‌ಗೆ ಟರ್ಬೊ ಇಲ್ಲಿ ಜಾಸ್ತಿ ತಿರುಗಬೇಕು. ವಿದೇಶದ ಡೈನೋ ಗ್ರಾಫ್ (ಯಂತ್ರದ ಮೇಲೆ ಪವರ್ ಅಳೆದ ಚಿತ್ರ) ತಂದು ಅಂಟಿಸಬೇಡಿ.

ಟರ್ಬೊ ದೊಡ್ಡದು ಹಾಕಿಸಿದವರಿಗೆ ಮಾತು ಬೇರೆ. ಆಗಲೂ ದಿನಾ ಓಡಿಸುವ ಗಾಡಿಗೆ 252–260 ಡಿಗ್ರಿ, ಲೋಬ್ ಸೆಪರೇಶನ್ (ಇನ್‌ಟೇಕ್, ಎಕ್ಸಾಸ್ಟ್ ಕ್ಯಾಮ್‌ಗಳ ಲೋಬ್, ಅಂದರೆ ಉಬ್ಬುಗಳ, ನಡುವಿನ ಕೋನ) ಅಗಲವಾಗಿರಲಿ. 112 ಡಿಗ್ರಿಗಿಂತ ಕಮ್ಮಿ ನಾನಂತೂ ಮುಟ್ಟುವುದಿಲ್ಲ. ಇನ್ನೊಂದು, ಡಬ್ಬದ ಮೇಲಿನ ಡಿಗ್ರಿ ನಂಬಬೇಡಿ. 1 ಮಿ.ಮೀ. ಲಿಫ್ಟ್‌ನಲ್ಲಿ ಎಷ್ಟು ಅಂತ ಕೇಳಿ. ಒಬ್ಬರ 260 ಇನ್ನೊಬ್ಬರ 270 ಇರಬಹುದು. ಕ್ಯಾಟ್ ಕ್ಯಾಮ್ಸ್, ಕೆಂಟ್, ಶ್ರಿಕ್ ಯಾವ ಕಂಪನಿಯದಾದರೂ ಸರಿ. ನನ್ನ ಒಲವು ಶ್ರಿಕ್ ಕಡೆ, ಜೇಬು ಕ್ಯಾಟ್ ಕಡೆ. ಸ್ಪೆಕ್ ಕಾರ್ಡ್ ಇಲ್ಲದ ಸೆಕೆಂಡ್ ಹ್ಯಾಂಡ್ ಕ್ಯಾಮ್ ಅಂದರೆ ಪಹಣಿ ಇಲ್ಲದ ಜಮೀನು. ಲೋಬ್ ತುದಿಗೆ ಉಗುರು ಆಡಿಸಿ, ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲೇ ಬಿಟ್ಟು ಬನ್ನಿ. ಹಳೇ ಲಿಫ್ಟರ್ (ಕ್ಯಾಮ್ ಮತ್ತು ವಾಲ್ವ್ ನಡುವೆ ಕೂರುವ ಬಟ್ಟಲು) ಮೇಲೆ ಬೇರೆ ಗಾಡಿಯ ಕ್ಯಾಮ್ ಕೂರಿಸುವುದಂತೂ ಬೇಡವೇ ಬೇಡ.

ವಾಲ್ವ್ ಮುಚ್ಚುವ ಸ್ಪ್ರಿಂಗ್ ಬಗ್ಗೆ ಯಾರೂ ಬರೆದಿಲ್ಲ. ಈ ಎಂಜಿನ್‌ನ ಇನ್‌ಟೇಕ್ ವಾಲ್ವ್ ಸುಮಾರು 27 ಮಿ.ಮೀ. 1 ಬಾರ್ ಬೂಸ್ಟ್ ಅದರ ಬೆನ್ನಿಗೆ ಹತ್ತಿರ ಹತ್ತಿರ 6 ಕೆ.ಜಿ. ತಳ್ಳುತ್ತದೆ, ಅದೂ ತೆರೆಯುವ ಕಡೆಗೆ. ಎರಡು ಲಕ್ಷ ಕಿ.ಮೀ. ಓಡಿದ ಸ್ಪ್ರಿಂಗ್ ಮೇಲೆ ಹೊಸ ಕ್ಯಾಮ್ ಯಾಕೆ ಹಾಕುತ್ತೀರೋ ನನಗೆ ಅರ್ಥವಾಗುವುದಿಲ್ಲ.

ಆದರೂ ಹಾಕಿಸಿಯೇ ತೀರುತ್ತೀರಿ ಅಂದರೆ, ಎರಡು ಕ್ಯಾಮ್ ನಡುವಿನ ಚೈನ್‌ನಲ್ಲಿ ಗುರುತಿನಿಂದ ಗುರುತಿಗೆ 16 ರೋಲರ್ ಇರಬೇಕು. ಮೆಕ್ಯಾನಿಕ್ ಎಣಿಸಿದ ಮೇಲೆ ನೀವೂ ಬೆರಳಿಟ್ಟು ಎಣಿಸಿ. ನಮ್ಮ ಗಾಡಿಗೆ 15 ಕೂರಿಸಿದ್ದರು, ಕೈಯಲ್ಲಿ ಎರಡು ಸುತ್ತು ತಿರುಗಿಸಿ ಮತ್ತೆ ಎಣಿಸಿದ್ದಕ್ಕೆ ಬಚಾವಾದೆ. ಕ್ಯಾಮ್ ಕೂರಿಸಿ ಅರ್ಧ ಗಂಟೆ ಸ್ಟಾರ್ಟರ್ ಮುಟ್ಟಬೇಡಿ, ಹೈಡ್ರಾಲಿಕ್ ಲಿಫ್ಟರ್ ಇಳಿಯಬೇಕು. ಇಲ್ಲದಿದ್ದರೆ ವಾಲ್ವ್ ಪಿಸ್ಟನ್‌ಗೆ ಮುತ್ತಿಡುತ್ತದೆ. ಲೋಬ್‌ಗೆ ಮಾಲಿ ಪೇಸ್ಟ್ (ಮಾಲಿಬ್ಡಿನಂ ಇರುವ ಗ್ರೀಸ್) ಧಾರಾಳವಾಗಿ ಸವರಿ. ಸ್ಟಾರ್ಟ್ ಆದ ತಕ್ಷಣ 2,000ದಲ್ಲಿ 20 ನಿಮಿಷ, ಐಡಲ್‌ಗೆ ಬಿಡಬೇಡಿ. ಫೋಟೊ ಆಮೇಲೆ ತೆಗೆಯಿರಿ.

ಸ್ಕೋಡಾ ಲಾರಾ 1.8 ಟಿಎಸ್‌ಐ ಇಟ್ಟುಕೊಂಡವರು ಇದನ್ನು ಹಾಗೇ ಕಾಪಿ ಮಾಡಬೇಡಿ. ನಿಮಗೆ ಹೈ ಪ್ರೆಶರ್ ಪಂಪ್ ಕೂಡ ಕ್ಯಾಮ್‌ನಿಂದಲೇ ತಿರುಗುತ್ತದೆ, ಆ ಲೋಬ್ ಸರಿ ಇದೆಯಾ ನೋಡಬೇಕು. ಅದಕ್ಕೂ ಮೊದಲು ಟೈಮಿಂಗ್ ಚೈನ್ ಟೆನ್ಷನರ್ ನೋಡಿಸಿ. ಪವರ್ ಮಾತು ಆಮೇಲೆ.

ನಾನು ಕೊನೆಗೆ ಸ್ಟಾಕ್ ಕ್ಯಾಮ್ ವಾಪಸ್ ಹಾಕಿ, ಆ ದುಡ್ಡಲ್ಲಿ ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಗೆ ಒಯ್ಯುವ ಪೈಪ್) ಮತ್ತು ಬಂಪರ್ ಹಿಂದೆ ಕೂತು ಬೂಸ್ಟ್ ಗಾಳಿ ತಣ್ಣಗೆ ಮಾಡುವ ಇಂಟರ್‌ಕೂಲರ್ ಮಾಡಿಸಿದೆ. 2,300ಕ್ಕೆ ಮತ್ತೆ ಬೂಸ್ಟ್ ಬಂತು. ನೀವೂ ಹಾಗೇ ಮಾಡಿ. ಜೊತೆಗೆ ಬ್ರೇಕ್ ಬೂಸ್ಟರ್‌ನ ಚೆಕ್ ವಾಲ್ವ್ ಬದಲಿಸಿ, ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲ್ ಬಂದ ಮೇಲೆ ಹಳೇ ಫ್ಯೂಯಲ್ ಹೋಸ್‌ಗಳನ್ನೂ ಒಂದು ಸಲ ಹಿಸುಕಿ ನೋಡಿ. ಟೈಮಿಂಗ್ ಬೆಲ್ಟ್ ತೆಗೆದಾಗ ವಾಟರ್ ಪಂಪ್ ಕೂಡ ಬದಲಿಸಿ, ಪ್ಲಾಸ್ಟಿಕ್ ಇಂಪೆಲರ್‌ನದು ಬೇಡ.

ತಾಮ್ರದ ಸುರುಳಿ ಇನ್ನೂ ನನ್ನ ಶೆಡ್‌ನಲ್ಲಿದೆ. ಭಾನುವಾರ ಬಂದರೆ ಕೊಡುತ್ತೇನೆ. ಮೀಟರ್ ಮಾತ್ರ ನೀವೇ ತನ್ನಿ, ನನ್ನದು ಡ್ರಿಪ್ ಲೈನಿಗೆ ವಾಪಸ್ ಹೋಗಿದೆ.