ಹೊಸ ತೆರಿಗೆ ನಿಯಮ ಜಾರಿಗೆ ಬರುವ ಮೊದಲೇ ಯಾರಿಗೆ ಲಾಭ, ಯಾರಿಗೆ ನಷ್ಟ ಅಂತ ಹೇಗೆ ಗೊತ್ತಾಗುತ್ತದೆ?

ಸಾವಿರಾರು ನಿಜವಾದ ಕುಟುಂಬಗಳ ಸಮೀಕ್ಷೆ ಮಾಹಿತಿಯನ್ನು ಕಂಪ್ಯೂಟರಿಗೆ ಕೊಟ್ಟು, ಪ್ರತಿ ಕುಟುಂಬದ ತೆರಿಗೆ ಮತ್ತು ಸರ್ಕಾರಿ ನೆರವನ್ನು ಎರಡು ಸಲ ಲೆಕ್ಕ ಹಾಕಿಸುತ್ತಾರೆ. ಒಮ್ಮೆ ಹಳೇ ನಿಯಮದಂತೆ, ಇನ್ನೊಮ್ಮೆ ಹೊಸ ನಿಯಮದಂತೆ. ಎರಡರ ವ್ಯತ್ಯಾಸವೇ ನಿಮ್ಮ ಉತ್ತರ. ಸಮೀಕ್ಷೆಯ ಒಂದೊಂದು ಕುಟುಂಬವೂ ಅಂಥದ್ದೇ ನೂರಾರು ಕುಟುಂಬಗಳ ಪರವಾಗಿ ನಿಲ್ಲುವುದರಿಂದ, ಕೂಡಿಸಿದರೆ ಇಡೀ ದೇಶದ ಚಿತ್ರ ಸಿಗುತ್ತದೆ. ಇದಕ್ಕೆ ಮೈಕ್ರೋಸಿಮ್ಯುಲೇಶನ್ ಎನ್ನುತ್ತಾರೆ. 1957ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಗೈ ಆರ್ಕಟ್ ಈ ಯೋಚನೆ ಮುಂದಿಟ್ಟರು.

ಸುಮ್ನೆ ಸರಾಸರಿ ಆದಾಯ ಹಿಡಿದು ಲೆಕ್ಕ ಹಾಕಬಹುದಲ್ವಾ? ಆಗದು. ನಿಯಮಗಳು ಒಂದರ ಮೇಲೊಂದು ಬೀಳುತ್ತವೆ. ಒಬ್ಬರ ಸಂಬಳ 100 ಹೆಚ್ಚಿತು ಅನ್ನಿ. ತೆರಿಗೆಗೆ 20 ಹೋಯಿತು. ಆದಾಯ ಏರಿತೆಂದು ನೆರವಿನಲ್ಲಿ 50 ಕಡಿತವಾಯಿತು. ಕೈಗೆ ಉಳಿದದ್ದು ಬರೀ 30! ಪಕ್ಕದ ಮನೆಯವರಿಗೆ ಆ ನೆರವೇ ಇಲ್ಲದಿದ್ದರೆ ಅವರಿಗೆ 80 ಉಳಿಯುತ್ತದೆ. ಸರಾಸರಿಯಲ್ಲಿ ಇದು ಕಾಣುವುದೇ ಇಲ್ಲ.

ಯುರೋಪಿಯನ್ ಒಕ್ಕೂಟದ ದೇಶಗಳಿಗೆಲ್ಲ ಯೂರೋಮಾಡ್ ಎಂಬ ಇಂಥ ಒಂದೇ ಮಾದರಿ ಇದೆ. ಹಾಗಾಗಿ ಒಂದು ದೇಶದ ನಿಯಮವನ್ನು ಇನ್ನೊಂದು ದೇಶದ ಜನರ ಮೇಲೆ ಹಾಕಿ ನೋಡಬಹುದು. ನನಗೆ ಬಹಳ ಇಷ್ಟವಾದ ಆಟ ಇದು.

ಒಂದು ಎಚ್ಚರಿಕೆ: ಸರಳ ಮಾದರಿಗಳು ಜನ ಬದಲಾಗುವುದಿಲ್ಲ ಎಂದುಕೊಳ್ಳುತ್ತವೆ. ತೆರಿಗೆ ಜಾಸ್ತಿಯಾಯಿತೆಂದು ಯಾರಾದರೂ ದುಡಿಮೆ ಕಡಿಮೆ ಮಾಡಿದರೆ, ಅರ್ಹರು ನೆರವಿಗೆ ಅರ್ಜಿಯನ್ನೇ ಹಾಕದಿದ್ದರೆ, ಲೆಕ್ಕ ತಪ್ಪುತ್ತದೆ. ಅದನ್ನು ಬೇರೆಯಾಗಿ ಅಂದಾಜು ಮಾಡಿ ಸೇರಿಸಬೇಕು.